ಎನ್‌ಎಂಡಿಸಿ ಚಾರ್ಟ್ ಶೀಟ್‌ಗೆ ತರೋದು: ಎನ್‌ಎಸ್‌ಇ, ಗೂಗಲ್, ಟ್ರೇಡಿಂಗ್‌ವ್ಯೂ

ದೋಣಿಮಲೈ ಗಣಿಯಿಂದಾಗಿ ಬಳ್ಳಾರಿ, ಸಂಡೂರು ಕಡೆ ಕಬ್ಬಿಣದ ಅದಿರಿನ ಸರ್ಕಾರಿ ಕಂಪನಿ ಎನ್‌ಎಂಡಿಸಿ ಗೊತ್ತಿಲ್ಲದವರು ಕಡಿಮೆ. ಡೇಟಾ ಪರೀಕ್ಷೆಗೂ ಇದೇ ಷೇರು ಸರಿ. 2024ರ ಡಿಸೆಂಬರ್ 27ಕ್ಕೆ ಒಂದಕ್ಕೆ ಎರಡು ಬೋನಸ್ ಬಂತು, ಅಂದರೆ ಒಂದು ಷೇರು ಮೂರಾಯಿತು. ಹಿಂದಿನ ದಿನ 200 ರೂಪಾಯಿ ದಾಟಿದ್ದ ಬೆಲೆ 70ರ ಆಸುಪಾಸಿಗೆ ಬಂತು. ಎಲ್ಲಿಂದ ಡೇಟಾ ತಂದರೂ ಮೊದಲು ಆ ಎರಡು ದಿನದ ಸಾಲು ನೋಡಿ, ಹಳೆಯ ಬೆಲೆ ಬೋನಸ್‌ಗೆ ಸರಿಹೊಂದಿಸಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ಜಾಲತಾಣದ ಸಿಎಸ್‌ವಿ ಫೈಲ್ ಉಚಿತ, ನಂಬಿಕಸ್ಥ. ಬೇರೆಡೆ ಸುಲಭಕ್ಕೆ ಸಿಗದ ವಿವ್ಯಾಪ್ (ವಾಲ್ಯೂಮ್ ಲೆಕ್ಕಕ್ಕೆ ಹಿಡಿದ ದಿನದ ಸರಾಸರಿ ಬೆಲೆ), ಟ್ರೇಡ್‌ಗಳ ಸಂಖ್ಯೆಯೂ ಇರುತ್ತವೆ. ಆದರೆ ಬೆಲೆ ಅಂದು ನಡೆದಂತೆಯೇ ಇರುತ್ತದೆ, ಬೋನಸ್‌ಗೆ ಸರಿಹೊಂದಿಸಿರುವುದಿಲ್ಲ. ಹಾಗೇ ಬಿಟ್ಟರೆ 200 ದಿನದ ಸರಾಸರಿ ತಿಂಗಳುಗಟ್ಟಲೆ ದಾರಿ ತಪ್ಪಿಸುತ್ತದೆ. 27ಕ್ಕೆ ಮುಂಚಿನ ಓಪನ್, ಹೈ, ಲೋ, ಕ್ಲೋಸ್‌ಗಳನ್ನು 3ರಿಂದ ಭಾಗಿಸಿ, ವಾಲ್ಯೂಮ್ (ಕೈಬದಲಾದ ಷೇರುಗಳ ಸಂಖ್ಯೆ) ಅನ್ನು 3ರಿಂದ ಗುಣಿಸಿ. ಹೊಸ ದಿನಾಂಕ ಮೇಲಿರುತ್ತದೆ, ಸರಾಸರಿ ತೆಗೆಯುವ ಮೊದಲು ತಿರುಗಿಸಿ ಸಾರ್ಟ್ ಮಾಡಿ. ಅಂಕಿ ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದರೆ ಅದು ಇನ್ನೂ ಟೆಕ್ಸ್ಟ್; ಫೈಂಡ್-ರಿಪ್ಲೇಸ್‌ನಲ್ಲಿ ಅಲ್ಪವಿರಾಮ ತೆಗೆದುಹಾಕಿ.

ದಿನದ ಬೆಲೆಯಷ್ಟೇ ಸಾಕು ಅನ್ನುವವರಿಗೆ ಗೂಗಲ್ ಶೀಟ್ಸ್‌ನ ಗೂಗಲ್‌ಫೈನಾನ್ಸ್ ಫಂಕ್ಷನ್ನೇ ವಾಸಿ. ಎನ್‌ಎಸ್‌ಇ ಅಂತ ಬರೆದು ಕೋಲನ್ ಹಾಕಿ ಷೇರಿನ ಸಂಕೇತ, ಆಮೇಲೆ 'ಆಲ್', ಆರಂಭ ಮತ್ತು ಕೊನೆಯ ದಿನಾಂಕ: ಒಂದೇ ಸೆಲ್‌ನಿಂದ ವರ್ಷಗಳ ಡೇಟಾ ಇಳಿಯುತ್ತದೆ. ಇಲ್ಲಿನ ಕಿತಾಪತಿ ದಿನಾಂಕದ್ದು. ಪ್ರತಿ ದಿನಾಂಕದ ಜೊತೆ 15:30 ಅಂಟಿರುತ್ತದೆ, ಹಾಗಾಗಿ ಬರಿ ದಿನಾಂಕ ಕೊಟ್ಟು ವಿಲುಕಪ್ ಫಂಕ್ಷನ್‌ನಿಂದ ಹುಡುಕಿದರೆ ಸಿಗುವುದಿಲ್ಲ. ಪಕ್ಕದ ಕಾಲಮ್‌ನಲ್ಲಿ ಇಂಟ್ ಫಂಕ್ಷನ್ ಹಾಕಿ ಸಮಯ ಕತ್ತರಿಸಿ. ಆಪ್ಸ್ ಸ್ಕ್ರಿಪ್ಟ್‌ನಿಂದ (ಶೀಟ್ಸ್‌ಗೆ ಕೋಡ್ ಬರೆಯುವ ಸೌಲಭ್ಯ) ಈ ಹಳೆಯ ಬೆಲೆಗಳನ್ನು ಓದಲು ಗೂಗಲ್ ಬಿಡುವುದಿಲ್ಲ; ಮೊದಲೇ ಕಾಪಿ ಮಾಡಿ 'ವ್ಯಾಲ್ಯೂಸ್ ಓನ್ಲಿ' ಪೇಸ್ಟ್ ಮಾಡಿಕೊಳ್ಳಿ.

ಚಾರ್ಟ್ ತಾಣ ಟ್ರೇಡಿಂಗ್‌ವ್ಯೂನ ಚಾರ್ಟ್ ಎಕ್ಸ್‌ಪೋರ್ಟ್‌ಗೆ ದುಡ್ಡು ಕೊಡಬೇಕು. ಆ ದುಡ್ಡು ಸಾರ್ಥಕವಾಗುವುದು 15 ನಿಮಿಷದ ಕ್ಯಾಂಡಲ್ (ಅಷ್ಟು ಹೊತ್ತಿನ ಓಪನ್, ಹೈ, ಲೋ, ಕ್ಲೋಸ್) ಅಥವಾ ಚಾರ್ಟ್‌ಗೆ ಹಾಕಿದ ಇಂಡಿಕೇಟರ್‌ಗಳ ಅಂಕಿಗಳೂ ಬೇಕಾದಾಗ ಮಾತ್ರ. ಚಾರ್ಟ್‌ನಲ್ಲಿ ಲೋಡ್ ಆದ ಕ್ಯಾಂಡಲ್‌ಗಳಷ್ಟೇ ಫೈಲ್‌ಗೆ ಬರುತ್ತವೆ, ಮೊದಲು ಎಡಕ್ಕೆ ಎಳೆಯುತ್ತಾ ಹೋಗಿ. ಸಮಯ ಯುನಿಕ್ಸ್ ಸೆಕೆಂಡುಗಳಲ್ಲಿ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು) ಬಂದರೆ =A2/86400+25569+5.5/24 ಹಾಕಿ. ಕೊನೆಯ 5.5/24 ಬಿಟ್ಟರೆ 9:15ರ ಮೊದಲ ಕ್ಯಾಂಡಲ್ ಬೆಳಗಿನ ಜಾವ 3:45ಕ್ಕೆ ಕೂರುತ್ತದೆ!

ಎಕ್ಸೆಲ್‌ನಲ್ಲೇ ಇರುವವರಿಗೆ ಸ್ಟಾಕ್‌ಹಿಸ್ಟರಿ ಫಂಕ್ಷನ್ ಇದೆ, ಆದರೆ ಮೈಕ್ರೋಸಾಫ್ಟ್ 365 ಚಂದಾ ಇದ್ದರೆ ಮಾತ್ರ.