ಶಿಮ್ಲಾದ ಇಳಿಜಾರಿನಲ್ಲಿ ಚಿರ್ ಪೈನ್ ಗುರುತಿಸುವ ನಡಿಗೆ: ಒಂದು ವಿಮರ್ಶೆ

ಶಿಮ್ಲಾದ ಅತಿಥಿಗೃಹವೊಂದು ತನ್ನಲ್ಲಿ ತಂಗುವವರಿಗಾಗಿ ಏರ್ಪಡಿಸುವ ಮರ ಗುರುತಿಸುವ ನಡಿಗೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಮಾರ್ಗದರ್ಶಿ ಮರದ ಹೆಸರನ್ನು ಮೊದಲೇ ಹೇಳಿಬಿಡುವುದಿಲ್ಲ. ಉದುರಿದ ಸೂಜಿಯೆಲೆಗಳನ್ನು ಕೈಗಿತ್ತು, ಒಂದೊಂದು ಗೊಂಚಲಿನಲ್ಲಿ ಎಷ್ಟಿವೆ ಎಂದು ಎಣಿಸಲು ಹೇಳುತ್ತಾರೆ. ಮೂರು ಸೂಜಿಗಳಿದ್ದು, ಅವು 20ರಿಂದ 30 ಸೆಂಟಿಮೀಟರ್ ಉದ್ದವಿದ್ದು, ಬುಡದ ಕಂದು ಒರೆ ಉದುರದೆ ಉಳಿದಿದ್ದರೆ ಅದು ಚಿರ್. ಐದಿದ್ದು, ತೆಳ್ಳಗೆ ನೀಲಿಛಾಯೆಯಲ್ಲಿ ಜೋತುಬಿದ್ದು, ಒರೆ ಬೇಗನೆ ಕಳಚಿಹೋಗಿದ್ದರೆ ಕೈಲ್ ಎಂಬ ಇನ್ನೊಂದು ಪೈನ್. ಗಿಡ್ಡ ಸೂಜಿಗಳು ಮೋಟು ರೆಂಬೆಯ ತುದಿಯಲ್ಲಿ ಹತ್ತಾರು ಒಟ್ಟಿಗೆ ಮೂಡಿದ್ದರೆ ಅದು ಪೈನ್ ಅಲ್ಲವೇ ಅಲ್ಲ, ದೇವದಾರು. (ನಮ್ಮ ಕರಾವಳಿಯ ಗಾಳಿಮರವನ್ನೂ ಪೈನ್ ಎನ್ನುವವರುಂಟು, ಅದರ ‘ಸೂಜಿ’ಗಳು ಗಿಣ್ಣುಗಿಣ್ಣಾಗಿ ಮುರಿಯುವ ಹಸಿರು ಕಡ್ಡಿಗಳು.)

ಕಾಯಿಗಳ ಪಾಠ ಇನ್ನೂ ಚೆನ್ನಾಗಿದೆ. ಚಿರ್ ಕಾಯಿ ಮೊಟ್ಟೆಯಾಕಾರದ್ದು, ಅದರ ದಪ್ಪ ಶಲ್ಕಗಳ (ಕಾಯಿಯ ಹೊರಮೈಯ ಗಟ್ಟಿ ಪದರಗಳ) ತುದಿ ಹಿಂದಕ್ಕೆ ಬಾಗಿರುತ್ತದೆ. ಕೈಲ್ ಕಾಯಿ ಉದ್ದವಾಗಿ ನೇತಾಡುತ್ತದೆ, ಮುಟ್ಟಿದರೆ ರಾಳ ಅಂಟುತ್ತದೆ. ದೇವದಾರಿನ ಕಾಯಿ ರೆಂಬೆಯ ಮೇಲೆ ನೆಟ್ಟಗೆ ನಿಂತು ಅಲ್ಲಿಯೇ ಬಿಡಿಬಿಡಿಯಾಗುವುದರಿಂದ ನೆಲದಲ್ಲಿ ಇಡಿಯಾಗಿ ಸಿಗುವುದು ಅಪರೂಪ ಎಂಬ ವಿವರಣೆಯೊಂದಕ್ಕೇ ಕೊಟ್ಟ ಶುಲ್ಕ ಸಾರ್ಥಕವಾಯಿತು.

ದಾರಿಯ ಆಯ್ಕೆಯೂ ವಿವೇಚನೆಯದು. ಊರು ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಚಿರ್ ಹೆಚ್ಚಾಗಿ 2,000 ಮೀಟರ್‌ಗಿಂತ ಕೆಳಗೆ ಬೆಳೆಯುವ ಮರವಾದ್ದರಿಂದ, ದೇವದಾರು ಮತ್ತು ಕೈಲ್ ಮರಗಳ ನಡುವಿನಿಂದ ಇಳಿಯುತ್ತ ಹೋದಂತೆ ಕಾಡು ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಕೆಳಗಿನ ಚಿರ್ ಮರಗಳ ಬುಡದ ಕರಿಯನ್ನು ತೋರಿಸಿ, ಆಳವಾಗಿ ಸೀಳಿದ ಅವುಗಳ ದಪ್ಪ ತೊಗಟೆ ನೆಲದ ಬೆಂಕಿಯನ್ನು ಹೇಗೆ ತಾಳುತ್ತದೆ ಎಂಬುದನ್ನೂ ಮಾರ್ಗದರ್ಶಿ ವಿವರಿಸುತ್ತಾರೆ.

ಕೊರತೆಗಳೂ ಇವೆ. ಎಳೆಯ ಸಸಿಗಳ ವಿಷಯವನ್ನು ಅವರು ಎತ್ತುವುದೇ ಇಲ್ಲ. ಚಿರ್ ಸಸಿಯ ಮೊದಲ ಎಲೆಗಳು ಗೊಂಚಲಾಗಿರದೆ ಒಂಟೊಂಟಿಯಾಗಿರುವುದರಿಂದ, ಎಣಿಕೆಯನ್ನೇ ನಂಬಿದವರು ಅಲ್ಲಿ ಎಡವುತ್ತಾರೆ. ಹಿಮಾಚಲದ ಕಿನ್ನೌರ್ ಜಿಲ್ಲೆಯ ಚಿಲ್ಗೋಜಾ ಪೈನ್‌ಗೂ ಗೊಂಚಲಿಗೆ ಮೂರೇ ಸೂಜಿ. ಅವು 10 ಸೆಂಟಿಮೀಟರ್‌ನಷ್ಟು ಗಿಡ್ಡ, ತೊಗಟೆ ಚಕ್ಕೆಚಕ್ಕೆಯಾಗಿ ಎದ್ದು ಬಿಳಿಬೂದು ಕಲೆಗಳು ಕಾಣುತ್ತವೆ ಎಂಬುದನ್ನು ನಾನು ಕೇಳಿದ ಮೇಲಷ್ಟೇ ಹೇಳಿದರು. ಕೊಡುವ ಕಿರುಹೊತ್ತಗೆಯಲ್ಲಂತೂ ದೂರದಿಂದ ತೆಗೆದ ಇಡೀ ಮರದ ಚಿತ್ರಗಳೇ ತುಂಬಿವೆ. ಗುರುತಿಸುವ ಕೆಲಸಕ್ಕೆ ಅವು ನಿರುಪಯುಕ್ತ.

ವಿವರಣೆ ಹಿಂದಿಯಲ್ಲಿ ಮಾತ್ರ ಇರುತ್ತದೆ. ಅಳತೆಪಟ್ಟಿಯನ್ನು ನೀವೇ ಒಯ್ಯಿರಿ. ಒಣ ಸೂಜಿಗಳ ಹಾಸು ವಿಪರೀತ ಜಾರುವುದರಿಂದ ನೆಲ ಕಚ್ಚಿ ಹಿಡಿಯುವ ಬೂಟು ಇಲ್ಲದವರು ಈ ನಡಿಗೆಗೆ ಇಳಿಯದಿರುವುದೇ ಲೇಸು.