ಆಂಪ್ ಡಿಸ್ಟಾರ್ಷನ್ ಅಳೀಲಿಕ್ಕ ಮೀಟರೋ, ಲ್ಯಾಪ್‌ಟಾಪೋ?

ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಆಂಪ್ (ಆಂಪ್ಲಿಫಯರ್) ರಿಪೇರಿ ಮಾಡೋ ದೋಸ್ತ್ ಒಬ್ಬ ಕೇಳ್ದ, ಡಿಸ್ಟಾರ್ಷನ್ (ಆಂಪ್ ತಾನೇ ಆವಾಜಿಗಿ ಸೇರ್ಸೋ ಕೆಡಕು) ಅಳ್ಯೋ ಹಳೇ ಮೀಟರ್ ತಗೊಳ್ಲೇನು ಇಲ್ಲಾ ಲ್ಯಾಪ್‌ಟಾಪಿಗಿ ಸೌಂಡ್ ಕಾರ್ಡ್ ಹಚ್ಚಿ ಎಫ್‌ಎಫ್‌ಟಿ (ಆವಾಜ್‌ದಾಗಿನ ಒಂದೊಂದು ಫ್ರೀಕ್ವೆನ್ಸಿ ಬ್ಯಾರೆ ಮಾಡಿ ತೋರ್ಸೋ ಗ್ರಾಫ್) ನೋಡ್ಲೇನು ಅಂತ. ಮೀಟರ್‌ದಾಗ ನಾಚ್ ಫಿಲ್ಟರ್ (ಒಂದೇ ಫ್ರೀಕ್ವೆನ್ಸಿ ತಡಿಯೋ ಸರ್ಕ್ಯೂಟ್) ನಾವು ಆಂಪಿಗಿ ಕೊಟ್ಟ 1 ಕಿಲೋಹರ್ಟ್ಸ್ ಟೆಸ್ಟ್ ಟೋನ್ ತೆಗದು ಹಾಕ್ತದ, ಉಳದಿದ್ದೆಲ್ಲಾ ಒಂದೇ ನಂಬರ್ ಆಗಿ ಬರ್ತದ, ಅದ್ರಾಗ ಹಿಸ್ಸು (ಸುಯ್ ಅನ್ನೋ ಆವಾಜ್), ಹಮ್ಮು (ಕರೆಂಟಿನ ಗುಂಯ್ ಆವಾಜ್) ಎಲ್ಲಾ ಸೇರಿರ್ತದ, ಹಿಂಗಾಗಿ ಒಂದ್ಸಲ ನಾ ಸುಮ್ನ ಟ್ರಾನ್ಸಿಸ್ಟರ್ ಬದಲಿ ಮಾಡ್ಕೋತ ಕುಂತೆ, ನೋಡಿದ್ರ ತಪ್ಪು ಅರ್ಥಿಂಗ್‌ದು! ಎಫ್‌ಎಫ್‌ಟಿದಾಗ 2ನೇದು, 3ನೇದು ಹಾರ್ಮೋನಿಕ್ (ಟೋನಿನ ಎರಡು ಪಟ್ಟು, ಮೂರು ಪಟ್ಟು ಫ್ರೀಕ್ವೆನ್ಸಿ) ಬ್ಯಾರೆ ಬ್ಯಾರೆ ಕಡ್ಡಿ ಹಂಗ ನಿಲ್ತಾವ, 50 ಹರ್ಟ್ಸ್ ಹಮ್ಮೂ ಕಾಣ್ತದ. ಆದ್ರ 8 ಓಮ್ ಡಮ್ಮಿ ಲೋಡ್ (ಸ್ಪೀಕರ್ ಬದ್ಲಿ ಹಚ್ಚೋ ದೊಡ್ಡ ರೆಸಿಸ್ಟರ್) ಮ್ಯಾಲ 100 ವ್ಯಾಟ್ ಅಂದ್ರ ಸುಮಾರು 28 ವೋಲ್ಟ್ ರೀ, ರೆಸಿಸ್ಟರ್ ಹಾಕಿ ಇಳಸಲಾರ್ದ ಕೊಟ್ರ ಕಾರ್ಡ್ ಹೋದಂಗೇ. ಕಾರ್ಡಿಂದೇ ಡಿಸ್ಟಾರ್ಷನ್ ಎಷ್ಟದ ಅಂತ ಮೊದ್ಲು ಲೂಪ್‌ಬ್ಯಾಕ್ ಮಾಡಿ (ಕಾರ್ಡಿನ ಔಟ್‌ಪುಟ್ ಅದ್ರದೇ ಇನ್‌ಪುಟ್‌ಗಿ ಹಚ್ಚಿ) ನೋಡ್ಕೋರಿ. ರಿಪೇರಿಗಿ ನಾ ಎಫ್‌ಎಫ್‌ಟಿನೇ ಅಂತೀನಿ.