'ಆ್ಯಕ್ಷನ್ ಶಾಟ್ ಗ್ಯಾರಂಟಿ' ಅಂದರೆ ದಯವಿಟ್ಟು ಹೋಗಬೇಡಿ

ಹಕ್ಕಿ ಫೋಟೊ ತೆಗೆಯುವ ಗೆಳೆಯರೇ, ಕಳೆದ ಭಾನುವಾರ ನಡೆದದ್ದನ್ನು ಹೇಳಲೇಬೇಕು.

ರಾಮದಾಸ ಹದ್ದು ಬೇಟೆಗೆ ಎರಗುವ ಚಿತ್ರಕ್ಕಾಗಿ ಎರಡು ಚಳಿಗಾಲ ಅಲೆದಿದ್ದೆ. ಅದೇ, ಕೆಂಪು ಕಣ್ಣಿನ, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಪುಟ್ಟ ಹದ್ದು. ತುಮಕೂರು ಕಡೆಯ ಹುಲ್ಲುಬಯಲಿನಲ್ಲಿ 'ಆ್ಯಕ್ಷನ್ ಗ್ಯಾರಂಟಿ' ಎಂದ ಒಬ್ಬ ಗೈಡ್‌ಗೆ 3,500 ರೂಪಾಯಿ ಕೊಟ್ಟೆ. ಕಾಡುಹಕ್ಕಿ ಇಂಥ ಹೊತ್ತಿಗೆ ಇಲ್ಲಿಗೇ ಬರುತ್ತದೆಂದು ಯಾರು ಹೇಗೆ ಮಾತು ಕೊಡಬಲ್ಲರು ಎಂದು ಅಂದೇ ಕೇಳಬೇಕಿತ್ತು.

ಬೆಳಗ್ಗೆ ಏಳಕ್ಕೆ ನಾಲ್ಕು ಟ್ರೈಪಾಡ್, ನಾಲ್ಕೂ ಲೆನ್ಸ್ ಒಂದೇ ಕಲ್ಲಿನ ಕಡೆ. "ಸಾರ್, ಶಟರ್ 3200ಕ್ಕೆ ಇಟ್ಕೊಳ್ಳಿ, ಫೋಕಸ್ ಕಲ್ಲಿನ ಮೇಲೇ ಇರ್ಲಿ" ಎಂದವನು ಜೀಪಿನಿಂದ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ ತಂದ. ಒಳಗೊಂದು ಬಿಳಿ ಇಲಿ. ಅದರ ಹಿಂಗಾಲಿಗೆ ಗಾಳದ ನೈಲಾನ್ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕಲ್ಲಿನ ಹಿಂದಿನ ಗೂಟಕ್ಕೆ ಬಿಗಿದ. ಇಲಿ ಗೇಣು ದೂರ ಓಡುವುದು, ದಾರ ಜಗ್ಗಿ ಮಗುಚಿ ಬೀಳುವುದು, ಎದ್ದು ಮತ್ತೆ ಓಡುವುದು. ನಾವು ನಾಲ್ವರೂ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಹದ್ದು ಬಂತು, ಎರಗಿತು. ಇಲಿ ಹಿಡಿದು ಏಳಲು ಹೋದರೆ ದಾರ ಎಳೆದು ನೆಲಕ್ಕೆ ಕೆಡವಿತು. ಎರಡನೇ ಸಲ ಎದ್ದಾಗ ಗೂಟದ ಗಂಟು ಬಿಚ್ಚಿಕೊಂಡಿತು. ದಾರ ಬಲಗಾಲಿಗೆ ಸುತ್ತಿಕೊಂಡ ಹಾಗೇ ಹಕ್ಕಿ ಹಾರಿಹೋಯಿತು. ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ: ಹಳದಿ ಬೆರಳುಗಳ ಸಂದಿಯಲ್ಲಿ ದಾರ ಬಿಗಿದಿತ್ತು, ಮೊಳದುದ್ದ ಕೆಳಗೆ ನೇತಾಡುತ್ತಿತ್ತು. ಅದು ಜಾಲಿ ಮುಳ್ಳಿಗೆ ಸಿಕ್ಕಿದರೆ ಹಕ್ಕಿ ತಲೆಕೆಳಗಾಗಿ ಜೋತು ಸಾಯುತ್ತದೆ. ಸಿಕ್ಕದಿದ್ದರೂ ರಕ್ತ ನಿಂತು ಬೆರಳು ಕೊಳೆಯಬಹುದು. ಕಾಲು ಹೋದ ಹದ್ದು ಏನು ಹಿಡಿದು ತಿನ್ನಬೇಕು?

"ಊಟ ಹಾಕ್ತಿದೀವಿ ಅಷ್ಟೇ ಸಾರ್" ಎಂದ ಅವನು. ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎನ್ನುವುದರಲ್ಲಿ ಕಾಡುಪ್ರಾಣಿಗೆ ಆಮಿಷ ಒಡ್ಡುವುದನ್ನೂ ಸೇರಿಸಿದೆ. ಹಕ್ಕಿಯ ಗೂಡು, ಮೊಟ್ಟೆ ಕೆದಕುವುದನ್ನೂ.

ಯಾರಾದರೂ ತೋರಿಸುವ ಚಿತ್ರಗಳಲ್ಲಿ ಪ್ರತಿ ಸಲವೂ ಅದೇ ಕಲ್ಲು, ಅದೇ ಕೊಂಬೆ ಇದ್ದರೆ ಅನುಮಾನಪಡಿ. ಉಗುರಲ್ಲಿರುವ ಇಲಿಯ ಬಣ್ಣ ನೋಡಿ. ನಮ್ಮ ಹೊಲದ ಇಲಿ ಮಣ್ಣಿನ ಬಣ್ಣದ್ದು, ಬಿಳಿಯದು ಡಬ್ಬಿಯಿಂದ ಬಂದದ್ದು. ಹಿನ್ನೀರಿನಲ್ಲಿ ದೋಣಿಯಿಂದ ಕೋಳಿ ಕರುಳು ಎಸೆದು ಗರುಡ ಇಳಿಸುವುದೂ ಇದೇ ಕೆಲಸ.

ಕಾದರೆ ಸಿಗುತ್ತದೆ, ನಿಜವಾಗಿ. ಕೂತ ಹದ್ದು ಹಾರುವ ಮುಂಚೆ ಬಹಳ ಸಲ ಹಿಕ್ಕೆ ಹಾಕಿ ಮುಂದಕ್ಕೆ ಬಾಗುತ್ತದೆ, ಗಾಳಿಗೆ ಎದುರಾಗಿ ಏಳುತ್ತದೆ. ಗಾಳಿ ಬೆನ್ನಿಗಿರುವಂತೆ ದೂರದಲ್ಲಿ ಕೂತರೆ ನಿಮ್ಮ ಕಡೆಗೇ ಹಾರಿಬರುತ್ತದೆ.

ಚಿತ್ರಗಳನ್ನು ದೂರಿನ ಜೊತೆ ಅರಣ್ಯ ಇಲಾಖೆಗೆ ಕೊಟ್ಟಿದ್ದೇನೆ. ಮೂರು ದಿನ ಬಯಲೆಲ್ಲ ಹುಡುಕಿದೆ, ಹಕ್ಕಿ ಕಾಣಲಿಲ್ಲ. ಆ ಕಡೆ ಹೋಗುವವರು ಜಾಲಿ ಮರಗಳನ್ನೂ ಕರೆಂಟ್ ಕಂಬಗಳನ್ನೂ ಒಮ್ಮೆ ನೋಡಿ. ಬಲಗಾಲಲ್ಲಿ ದಾರವಿರುವ ರಾಮದಾಸ ಹದ್ದು ಕಂಡರೆ ನೀವೇ ಹಿಡಿಯಲು ಹೋಗದೆ ಅರಣ್ಯ ಇಲಾಖೆಯವರಿಗೆ ಕೂಡಲೇ ತಿಳಿಸಿ.